ವಯಸ್ಕರ ಬೋಧನೆಯಲ್ಲಿ ಅಧಿಕಾರಿವಿಚಾರ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವಾಗ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರವಿರಬೇಕೆಂಬುದು ಪೂರ್ವಿಕರ ನಿಯಮ. ಇದು ಯಾರಿಗಾಗಿ ಹೊರಟಿದೆ? ಇದರಲ್ಲಿ ಹೇಳತಕ್ಕುದೇನು? ಇದರಿಂದ ಆಗತಕ್ಕುದೇನು? ಹೇಳುವುದಕ್ಕೂ ಆಗುವುದಕ್ಕೂ ಇರುವ ನಂಟೇನು? ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧಗಳೆಂಬ ಈ ಅನುಬಂಧಚತುಷ್ಟಯವನ್ನು ಬಲ್ಲವರು ಇಂದಿನ ವಯಸ್ಕಶಿಕ್ಷಣದ ಕೈಪಿಡಿಗಳನ್ನು ಓದಿದರೆ ಅವರಿಗೆ ಒಂದು ಕೊರತೆ ಕೂಡಲೇ ಕಾಣುವುದು. ವಿಷಯವನ್ನು ಪಾಠಪಾಠವಾಗಿ ವಿಂಗಡಿಸಿರುತ್ತಾರೆ. ಪ್ರಯೋಜನವನ್ನು ಪೀಠಿಕೆಯಲ್ಲಿ ವಿಸ್ತಾರವಾಗಿ ಬಣ್ಣಿಸಿರುತ್ತಾರೆ. ಸಂಬಂಧವನ್ನು ತೋರಿಸಲು ವೇಳಾಪಟ್ಟಿಯನ್ನೂ ಪರೀಕ್ಷೆಯ ಪ್ರಶ್ನೆಗಳನ್ನೂ ಇಟ್ಟಿರುತ್ತಾರೆ. ಆದರೆ ಅಧಿಕಾರಿಯ ಸ್ಥಾನದಲ್ಲಿ ಮಾತ್ರ 'ನಿರಕ್ಷರರು' ಎಂಬ ಒಂದೇ ಶಬ್ದವಿರುವುದು. ಈ ಶಬ್ದವು ಆ ಮನುಷ್ಯನಲ್ಲಿ ಇಲ್ಲದ್ದನ್ನು ಹೇಳುತ್ತದೆಯೇ ಹೊರತು ಇರುವುದನ್ನು ಹೇಳುವುದಿಲ್ಲ. ಅಭಾವದಿಂದ ವಸ್ತುವಿನ ಲಕ್ಷಣವನ್ನು ಹೇಳುವುದು ತರ್ಕಶಾಸ್ತ್ರದ ಮೊದಲ ಪಾಠವನ್ನೋದಿದ ವಟುವಿಗೂ ಒಪ್ಪುವ ಕ್ರಮವಲ್ಲ. ಮಗುವಿನ ವಿಷಯದಲ್ಲಿ ಈ ದೋಷ ಅಷ್ಟಾಗಿ ಬಾಧಿಸದು. ಆರು ವರ್ಷದ ಮಕ್ಕಳು ಬಹುಮಟ್ಟಿಗೆ ಒಂದೇ ತೆರನಾಗಿರುವರು. ನಲವತ್ತು ವರ್ಷ ಬಾಳಿದವರು ಹಾಗಲ್ಲ.

ಈ ಮಾತಿಗೆ ದೃಷ್ಟಾಂತವಾಗಿ ಮಂಗಳೂರಿನ ಅತ್ತಾವರವನ್ನು ತೆಗೆದುಕೊಳ್ಳಬಹುದು. ಹಂಪನಕಟ್ಟೆಯ ಗಡಿಬಿಡಿಗೂ ಜೆಪ್ಪುವಿನ ಹೊಳೆಬದಿಗೂ ನಡುವೆ ಇರುವ ಈ ಭಾಗಕ್ಕೆ 1907ರಲ್ಲಿ ಬಂದ ರೈಲುದಾರಿ ಒಂದು ಅಂಚು. ಆಸ್ಪತ್ರೆ, ವಿದ್ಯಾಲಯ, ದೇವಸ್ಥಾನ, ದೈವಸ್ಥಾನಗಳು ಒಳಗಿನ ಗುರುತುಗಳು. ಇಲ್ಲಿಯ ಒಂದು ಓಣಿಯಲ್ಲಿ ಸಂಜೆ ಅಕ್ಷರ ಕಲಿಯಲು ಹತ್ತು ಮಂದಿ ನೆರೆದರೆಂದು ಭಾವಿಸೋಣ. ಮನೆಯಲ್ಲಿ ತುಳುವಾಡುವವರು ಹೆಚ್ಚು, ಕೊಂಕಣಿಯವರು ಒಬ್ಬಿಬ್ಬರು, ಬ್ಯಾರಿ ಭಾಷೆಯ ಒಬ್ಬಳು ಮುದುಕಿ, ಕಟ್ಟಡದ ಕೆಲಸಕ್ಕೆಂದು ವಿಜಾಪುರ, ಬಾಗಿಲಕೋಟೆಗಳ ಕಡೆಯಿಂದ ಬಂದು ನೆಲೆಸಿದ ಇಬ್ಬರು. ಕನ್ನಡವು ಮನೆಮಾತಾಗಿರುವುದು ಈ ಕೊನೆಯ ಇಬ್ಬರಿಗೆ ಮಾತ್ರ. ಅವರ ಕನ್ನಡವೂ ಪುಸ್ತಕದ ಕನ್ನಡವಲ್ಲ. ಈ ಹತ್ತು ಮಂದಿಗೂ ಕೈಪಿಡಿಯಲ್ಲಿ ಹೆಸರು ಒಂದೇ, ಪಾಠ ಒಂದೇ, ಪರೀಕ್ಷೆ ಒಂದೇ.

ಕನ್ನಡನಾಡಿನಲ್ಲಿ ವಯಸ್ಕರ ಬೋಧನೆಯ ಪ್ರಯತ್ನ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ರಾತ್ರಿಶಾಲೆಗಳು ನಡೆದುವು. ಮುಂದೆ ಅಲ್ಲಿಯ ವಯಸ್ಕರ ಶಿಕ್ಷಣ ಸಮಿತಿಯು 'ಬೆಳಕು', 'ಪುಸ್ತಕ ಪ್ರಪಂಚ'ಗಳೆಂಬ ಪತ್ರಿಕೆಗಳನ್ನು ಹೊರಡಿಸಿ, ಹೊಸದಾಗಿ ಓದಕಲಿತವರಿಗೆ ಓದಲು ಏನಾದರೂ ಇರಬೇಕೆಂಬ ತತ್ತ್ವವನ್ನು ಕಾರ್ಯದಲ್ಲಿ ತೋರಿಸಿತು. ಆದರೆ ದಕ್ಷಿಣ ಕನ್ನಡವು 1956ರವರೆಗೂ ಮದರಾಸಿಗೆ ಸೇರಿದ್ದುದರಿಂದ ಆ ಕೆಲಸದ ಅನುಭವ ಘಟ್ಟವಿಳಿದು ಬಂದುದು ತಡವಾಗಿ. ಅನಂತರ ದೇಶವ್ಯಾಪಿಯಾಗಿ 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಬಂದುವು. 1990ರಲ್ಲಿ ಕೇರಳದ ಎರ್ಣಾಕುಲವು ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಸಾರಲ್ಪಟ್ಟ ಮೇಲೆ, ಅದೇ ಮಾದರಿಯ ಆಂದೋಲನವನ್ನು ಕರ್ಣಾಟಕದಲ್ಲಿ ಮೊದಲಾಗಿ ಕೈಕೊಂಡ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಮೂರು ಭಾಗಗಳ ವಾಚಿಕೆ, ಸುಮಾರು ಇನ್ನೂರು ಗಂಟೆಗಳ ಪಾಠ, ಭಾಗಕ್ಕೆ ಮೂರರಂತೆ ಪರೀಕ್ಷೆಗಳು, ಕೂಲಿ ಕೇಳದೆ ಕಲಿಸುವ ಸ್ವಯಂಸೇವಕರು—ಇದು ಆ ಕಾಲದ ಏರ್ಪಾಡಿನ ಆಕಾರ. ಇದರ ಹಿರಿಮೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಇಲ್ಲಿ ವಿಮರ್ಶೆಗೆ ಬಂದಿರುವುದು ಅದರ ಉತ್ಸಾಹವಲ್ಲ, ಅದರ ರಚನೆ.

ವಾಚಿಕೆಯ ತತ್ತ್ವವೇನೆಂದರೆ, ಕಲಿಯುವವನಿಗೆ ಗೊತ್ತಿರುವ ಪದವನ್ನು ಮೊದಲು ಹೇಳಿಸಿ, ಆ ಪದವನ್ನೊಡೆದು ಅದರೊಳಗಿನ ಅಕ್ಷರಗಳನ್ನು ತೋರಿಸುವುದು. ಜ್ಞಾತದಿಂದ ಅಜ್ಞಾತಕ್ಕೆ ಹೋಗುವ ಈ ಮಾರ್ಗ ನಿರ್ದುಷ್ಟವಾದುದು. ಆದರೆ ಪದವೇ ಅಜ್ಞಾತವಾಗಿದ್ದರೆ? 'ಮನೆ' ಎಂಬ ಪದದ ಕೆಳಗೆ ಮನೆಯ ಚಿತ್ರವಿದೆ. ಅತ್ತಾವರದ ತುಳುವ ಹೆಂಗಸು ಅದನ್ನು ನೋಡಿ 'ಇಲ್ಲ್' ಎನ್ನುವಳು. ಉಪಾಧ್ಯಾಯನು ಕನ್ನಡದವನಾದರೆ, ತನ್ನೆದುರಿಗೆ ಮನೆಯಿದ್ದೂ ಇವಳು ಇಲ್ಲವೆನ್ನುವಳಲ್ಲಾ ಎಂದು ಬೆರಗಾದಾನು. 'ಹಕ್ಕಿ' ಎಂದು ಬರೆದಲ್ಲಿ ಅವಳಿಗೆ 'ಪಕ್ಕಿ', 'ಹಲ್ಲಿ' ಎಂದಲ್ಲಿ 'ಪಲ್ಲಿ', 'ಹೂ' ಎಂದಲ್ಲಿ 'ಪೂ'. ಅವಳು 'ಹ'ಕಾರವನ್ನು ತೋರಿಸಿದಾಗ 'ಪ' ಎಂದರೆ ತಪ್ಪೆಂದು ಗುರುತು ಹಾಕುತ್ತಾರೆ. ಕಣ್ಣು ತಪ್ಪಿದ್ದಲ್ಲ; ಚಿತ್ರವನ್ನು ನೋಡಿ ಮನೆಮಾತಿನಲ್ಲಿ ಹೇಳಿದಳು, ಅಷ್ಟೇ. ವಿದ್ವಾಂಸರಿಗೆ ಇದರಲ್ಲೊಂದು ವಿನೋದವೂ ಉಂಟು: ಹಳಗನ್ನಡದಲ್ಲಿ ಈ ಪದಗಳೆಲ್ಲ ಪಕಾರಾದಿಗಳೇ. ಪಂಪನ ಕಾಲದವನು ಈ ತರಗತಿಗೆ ಬಂದು ಕುಳಿತರೆ, ಆ ಹೆಂಗಸಿನೊಡನೆ ಅವನೂ ಅನುತ್ತೀರ್ಣನೇ.

ಇದಕ್ಕೆ ಪರಿಹಾರವೆಂದು ತುಳುವಿನಲ್ಲಿಯೇ ವಾಚಿಕೆಯನ್ನು ಬರೆಯಬೇಕೆಂದು ಹೇಳುವವರಿದ್ದಾರೆ. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ಲಿಪಿಯಲ್ಲಿ ತುಳುವನ್ನು ಅಚ್ಚುಹಾಕಿ ಓದಿಸಿದರು. ಮ್ಯಾನರರ ತುಳು ನಿಘಂಟು 1886ರಲ್ಲಿ ಹೊರಬಿದ್ದಿತು. ಆದುದರಿಂದ ಇದು ಅಸಾಧ್ಯವೇನಲ್ಲ. ಆದರೆ ಆ ಹೆಂಗಸು ಓದಬೇಕಾಗಿರುವ ಪಡಿತರ ಚೀಟಿ, ಬಸ್ಸಿನ ಫಲಕ, ಮಗಳ ಶಾಲೆಯ ಪತ್ರ ಇವೆಲ್ಲವೂ ಕನ್ನಡದಲ್ಲಿರುವುವು. ಆಕೆ ಬಂದುದು ಕನ್ನಡಕ್ಕಾಗಿಯೇ. ಬೇಕಾದುದು ಬೇರೆ ವಾಚಿಕೆಗಿಂತ ಹೆಚ್ಚಾಗಿ ಬೇರೆ ಉಪಕ್ರಮ: ಅಕ್ಷರದ ಮೊದಲು ಕೆಲವು ದಿನ ಬರಿಯ ಮಾತು, ಎರಡು ಭಾಷೆಗಳ ಪದಗಳನ್ನು ಜೋಡಿಜೋಡಿಯಾಗಿ ಹೇಳಿಸುವುದು, ಪ-ಹಗಳ ವಿನಿಮಯವನ್ನು ಅವಳ ಬಾಯಿಂದಲೇ ಅವಳು ಕಂಡುಕೊಳ್ಳುವಂತೆ ಮಾಡುವುದು. ಭಾಷಾಶಾಸ್ತ್ರದ ಈ ಚಿಕ್ಕ ನಿಯಮವು ನಲವತ್ತು ವರ್ಷದವರಿಗೆ ಆಟದಂತೆ ತಿಳಿಯುವುದು. ಆರು ವರ್ಷದ ಮಗುವಿಗೆ ತಿಳಿಯದು. ವಯಸ್ಸಿನಿಂದ ಬಂದ ಬಲವೆಂದರೆ ಇದೇ. ವಾಚಿಕೆಗಳು ಈ ಬಲವನ್ನು ಎಲ್ಲಿಯೂ ಬಳಸಿಕೊಂಡಿಲ್ಲ.

ಅಧಿಕಾರಿ ಎಂಬ ಶಬ್ದವನ್ನು ಇಷ್ಟು ಸಲೀಸಾಗಿ ಬಳಸುವುದಕ್ಕೆ ಒಂದು ಅಡ್ಡಿಯುಂಟು. ಅದನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ. ಇದೇ ಶಬ್ದವನ್ನು ಹಿಡಿದು ಶಾಸ್ತ್ರಕಾರರು ಶೂದ್ರರಿಗೂ ಸ್ತ್ರೀಯರಿಗೂ ವಿದ್ಯೆಯ ಬಾಗಿಲನ್ನು ಮುಚ್ಚಿದರು. ಬ್ರಹ್ಮಸೂತ್ರಗಳ ಅಪಶೂದ್ರಾಧಿಕರಣವನ್ನು ಓದಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. 'ಅಧಿಕಾರಿ ಯಾರು?' ಎಂಬ ಪ್ರಶ್ನೆ 'ಯಾರನ್ನು ಹೊರಗಿಡೋಣ?' ಎಂಬುದಾಗಿ ಅಲ್ಲಿ ತಿರುಗಿತು. ಹಾಗಾದರೆ ಆ ಶಬ್ದವನ್ನೇ ಬಿಡಬೇಕೇ? ಬಿಡಬೇಕಾಗಿಲ್ಲವೆಂದು ತೋರುತ್ತದೆ, ಏಕೆಂದರೆ ಮೀಮಾಂಸೆಯೊಳಗೇ ಇನ್ನೊಂದು ದಾರಿಯೂ ಇದೆ. ನಿಷಾದಸ್ಥಪತಿಯೊಬ್ಬನಿಗೆ ಒಂದು ಇಷ್ಟಿಯನ್ನು ಶ್ರುತಿ ವಿಧಿಸುತ್ತದೆ. ಅವನು ವೇದವನ್ನೋದಿದವನಲ್ಲ, ಹಾಗಿರುವಾಗ ಮಾಡುವುದು ಹೇಗೆ? ವಿಧಿಯೇ ಅವನಿಗೆ ಬೇಕಾದಷ್ಟು ವಿದ್ಯೆಯನ್ನು ಆಕ್ಷೇಪಿಸಿಕೊಳ್ಳುತ್ತದೆ, ಆ ಕರ್ಮಕ್ಕೆ ಬೇಕಾದಷ್ಟನ್ನು ಅವನಿಗೆ ಕಲಿಸತಕ್ಕದ್ದು ಎಂಬುದು ಸಿದ್ಧಾಂತ. ಕರ್ಮ ಮೊದಲು, ಅದರ ಅಳತೆಗೆ ತಕ್ಕ ವಿದ್ಯೆ ಆಮೇಲೆ. ಇಂದಿನವರು ಪ್ರಯೋಜನಮೂಲ ಸಾಕ್ಷರತೆಯೆಂದು ಕರೆಯುವುದಕ್ಕೂ ಇದಕ್ಕೂ ಅಂತರ ಬಹಳವಿಲ್ಲ. ಮೀಮಾಂಸಕರು ಈ ನ್ಯಾಯವನ್ನು ಒಬ್ಬ ನಿಷಾದನಲ್ಲಿಯೇ ನಿಲ್ಲಿಸಿದರೆಂಬುದು ಅವರ ಮೇಲಿರುವ ಆಕ್ಷೇಪ.

ಆ ನ್ಯಾಯವನ್ನು ನಿಲ್ಲಿಸದೆ ನಡೆಯಿಸಿದವರೊಬ್ಬರ ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ಕುದ್ಮುಲ್ ರಂಗರಾಯರು (1859–1928) ಮಂಗಳೂರಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆಗಳನ್ನು ತೆರೆದು, 1897ರಲ್ಲಿ ದಲಿತವರ್ಗಗಳ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಕೆಲಸ ಬಹುಮಟ್ಟಿಗೆ ಮಕ್ಕಳ ಶಾಲೆಯದು. ಆದರೂ ವಯಸ್ಕರ ಬೋಧನೆಯನ್ನು ಯೋಜಿಸುವವರು ಅದರಿಂದ ಕಲಿಯಬೇಕಾದುದು ಹೆಚ್ಚು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟವಿದ್ದಿತು. ಹಾಜರಿಗೆ ಪೈಸೆಯ ಲೆಕ್ಕದಲ್ಲಿ ಹಣವೂ ಸಲ್ಲುತ್ತಿದ್ದಿತು. ನೇಯ್ಗೆ, ಬಡಗಿಕೆಲಸಗಳ ಶಿಕ್ಷಣ ಅಕ್ಷರದ ಜೊತೆಯಲ್ಲಿಯೇ ನಡೆಯುತ್ತಿದ್ದಿತು. ಹಣ ಕೊಟ್ಟು ವಿದ್ಯೆ ಕಲಿಸುವುದು ವಿದ್ಯೆಗೆ ಅಗೌರವವೆಂದು ಅಂದಿನವರು ಅಂದುಕೊಂಡಿರಬಹುದು, ಇಂದಿನವರೂ ಅನ್ನಬಹುದು. ಆದರೆ ರಂಗರಾಯರಿಗೆ ತಿಳಿದಿದ್ದುದು ಇಷ್ಟು: ಕಲಿಯಲು ಕುಳಿತವನು ಆ ಹೊತ್ತಿನ ದುಡಿಮೆಯನ್ನು ಬಿಟ್ಟು ಕುಳಿತಿರುವನು. ಅರ್ಥಿತ್ವವೂ ಸಾಮರ್ಥ್ಯವೂ ಎರಡೂ ಸೇರಿದಲ್ಲಿ ಅಧಿಕಾರವೆಂದು ಮೀಮಾಂಸಕರು ಹೇಳುವರು. ಬಯಕೆ ಮಾತ್ರವಿದ್ದು ಬಿಡುವಿಲ್ಲದವನಲ್ಲಿ ಸಾಮರ್ಥ್ಯ ಎಲ್ಲಿಂದ ಬರಬೇಕು? ಅದನ್ನು ಒದಗಿಸುವ ಹೊಣೆ ಬೋಧಿಸುವವನದು.

ಪಾಠದ ವೇಳೆಯನ್ನು ಗೊತ್ತುಮಾಡುವುದು ಸಣ್ಣ ಸಂಗತಿಯಂತೆ ಕಾಣುವುದು. ಮಂಗಳೂರಿನ ಸುತ್ತಿನಲ್ಲಿ ಬೀಡಿ ಕಟ್ಟುವ ಹೆಂಗಸಿನ ದಿನವನ್ನು ನೋಡಿದರೆ ಹಾಗೆನಿಸದು. ಎಲೆಯನ್ನು ನೆನೆಹಾಕುವುದು, ಕತ್ತರಿಸುವುದು, ತಡ್ಪೆಯನ್ನು ತೊಡೆಯ ಮೇಲಿಟ್ಟು ಕಟ್ಟುವುದು, ಅಡಿಗೆಯ ನಡುನಡುವೆ ಮತ್ತೆ ಕಟ್ಟುವುದು, ಲೆಕ್ಕಕ್ಕೆ ಸರಿಯಾಗಿ ಬ್ರಾಂಚಿಗೆ ಒಯ್ದು ಕೊಡುವುದು. ಸಂಜೆ ಆರು ಗಂಟೆಗೆ ಪಾಠವೆಂದು ಕೈಪಿಡಿ ಹೇಳಿದರೆ ಆರು ಗಂಟೆಗೆ ಅವಳು ಎಲ್ಲಿರುವಳು? ಅವಳ ಕೈ ಕೆಲಸದಲ್ಲಿರುವಾಗಲೂ ಕಿವಿಯೂ ಬಾಯಿಯೂ ಬಿಡುವಾಗಿರುವುದೆಂಬುದನ್ನು ಯೋಜನೆಯವರು ಗಮನಿಸಿದರೆ, ಪಾಠದ ಅರ್ಧಭಾಗ—ಮಾತು, ಪದ, ಬಾಯಿಲೆಕ್ಕ—ತಡ್ಪೆಯ ಬಳಿಯಲ್ಲಿಯೇ ಆಗುವುದು. ಸ್ಲೇಟು ಬೇಕಾದ ಅರ್ಧಕ್ಕೆ ಮಾತ್ರ ಅವಳು ಎದ್ದು ಬಂದರೆ ಸಾಕು. ಅವಳ ಕೈಯಲ್ಲಿ ಆಗಲೇ ಒಂದು ಪುಸ್ತಕವೂ ಇದೆ. ಕೊಟ್ಟ ಎಲೆ, ಕೊಟ್ಟ ಹೊಗೆಸೊಪ್ಪು, ತಂದ ಬೀಡಿ, ತಿರಸ್ಕೃತವಾದ ಬೀಡಿ ಇವುಗಳ ಲೆಕ್ಕ ಬರೆಯುವ ಪುಸ್ತಕವದು. ಅದಕ್ಕಿಂತ ಒಳ್ಳೆಯ ಮೊದಲನೆಯ ವಾಚಿಕೆ ಅವಳಿಗೆ ಬೇರೆಯಿಲ್ಲ; ಅದನ್ನು ಅವಳು ಓದತೊಡಗಿದರೆ ಇಷ್ಟಪಡದವರೂ ಕೆಲವರು ಇರಬಹುದು.

ಇನ್ನು ಒಂದು ಪೂರ್ವಪಕ್ಷ. ತುಳುನಾಡಿನಲ್ಲಿ ಅಕ್ಷರವಿಲ್ಲದ ವಯಸ್ಕರಿಗೆ ಕನ್ನಡವನ್ನು ಕಲಿಸಿದ ಶಾಲೆಯೊಂದು ಶತಮಾನಗಳಿಂದ ಇದೆಯಲ್ಲವೇ, ಯಕ್ಷಗಾನ ತಾಳಮದ್ದಳೆಗಳಿಗಿಂತ ಬೇರೆ ಏರ್ಪಾಡೇಕೆ ಎಂಬುದು. ಈ ಪಕ್ಷ ಬಲವುಳ್ಳದ್ದು. ಮನೆಯಲ್ಲಿ ತುಳುವಾಡುವ ಗದ್ದೆಯ ಒಕ್ಕಲು ರಾತ್ರಿಯಿಡೀ ಕುಳಿತು ಪ್ರೌಢಗನ್ನಡದ ಸಂವಾದವನ್ನು ಕೇಳಿ, ಮರುದಿನ ಕೃಷ್ಣನ ವಾದ ಎಲ್ಲಿ ಸಡಿಲವಾಯಿತೆಂದು ಚರ್ಚಿಸಬಲ್ಲನು. ಕಾವ್ಯಪ್ರಯೋಗದಲ್ಲಿ ನಿಪುಣರಾಗಲು ಓದು ಅನಿವಾರ್ಯವಲ್ಲವೆಂದು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಈ ನಾಡಿನ ಜನರನ್ನು ಹೊಗಳಿದುದು ಬರಿಯ ಸ್ತುತಿಯಲ್ಲವೆಂಬುದಕ್ಕೆ ಇಲ್ಲಿ ಪ್ರತ್ಯಕ್ಷಪ್ರಮಾಣವಿದೆ. ಅರ್ಥಧಾರಿಗಳಲ್ಲಿ ಕುಂಬಳೆ ಸುಂದರರಾಯರು (1934–2022) ನೇಕಾರರ ಮನೆಯಲ್ಲಿ, ಮಲಯಾಳವಾಡುವವರ ನಡುವೆ ಹುಟ್ಟಿ, ಪ್ರಾಸಬದ್ಧವಾದ ಕನ್ನಡಕ್ಕೆ ಹೆಸರಾದರು.

ಬೋಧನಗೋಷ್ಠಿಯ ದೃಷ್ಟಿಯಿಂದ ನೋಡಿದರೂ ತಾಳಮದ್ದಳೆಯ ಅಚ್ಚುಕಟ್ಟು ಆಶ್ಚರ್ಯಕರವಾದುದು. ಪ್ರಸಂಗದ ಪದ್ಯಗಳು ಮೊದಲೇ ಗೊತ್ತು. ಯಾರೂ ಅವನ್ನು ಮೀರುವಂತಿಲ್ಲ. ಆದರೆ ಪದ್ಯಕ್ಕೆ ಹೇಳುವ ಅರ್ಥ ಆ ಕ್ಷಣದಲ್ಲಿ ಹುಟ್ಟತಕ್ಕುದು. ಎದುರಾಳಿ ಕೇಳುವ ಪ್ರಶ್ನೆಯೇ ಪರೀಕ್ಷೆ, ಅದಕ್ಕೆ ಉತ್ತರ ಹೇಳಲಾರದೆ ತಡವರಿಸಿದರೆ ಭಾಗವತನು ಮುಂದಿನ ಪದ್ಯವನ್ನೆತ್ತಿಕೊಂಡು ಮಾನ ಉಳಿಸುವನು. ಪರೀಕ್ಷೆಯಲ್ಲಿ ಸೋತವನ ಮಾನವನ್ನು ಕಾಪಾಡುವ ಇಂಥ ಉಪಾಯ ಯಾವ ಕೈಪಿಡಿಯಲ್ಲಿಯೂ ಇಲ್ಲ. ಮಗು ತಪ್ಪಿದರೆ ನಗುವರು, ಮಗುವೂ ನಗುವುದು. ಐವತ್ತರ ಗೃಹಸ್ಥನು ತನ್ನ ಸೊಸೆಯೆದುರಿಗೆ 'ಥ'ಕಾರವನ್ನು ಗುರುತಿಸಲಾರದೆ ಹೋದರೆ ಮರುದಿನ ಬರುವುದಿಲ್ಲ. ವಯಸ್ಕರ ತರಗತಿಗಳು ಬರಿದಾಗುವುದಕ್ಕೆ ಎಷ್ಟೋ ಕಾರಣಗಳನ್ನು ವರದಿಗಳು ಹೇಳುತ್ತವೆ. ನಾಚಿಕೆಯನ್ನು ಅವುಗಳಲ್ಲಿ ಹೇಳುವುದು ಕಡಿಮೆ.

ಆದರೂ ಪೂರ್ವಪಕ್ಷ ನಿಲ್ಲುವುದಿಲ್ಲ. ಯಕ್ಷಗಾನವು ಕಿವಿಗೆ ಕನ್ನಡವನ್ನು ಕೊಟ್ಟಿತು, ಕಣ್ಣಿಗೆ ಕೊಡಲಿಲ್ಲ. ಅದರ ಪಾತ್ರಧಾರಿಗಳಾಗಿ ಹೆಂಗಸರು ಸೇರಿದುದು ತೀರ ಈಚೆಗೆ. ಚಪ್ಪರದ ಹೊರಗೆ ದೂರದಲ್ಲಿ ನಿಂತು ನೋಡಬೇಕಾಗಿದ್ದ ಜಾತಿಗಳವರಿಗೆ ಅದು ಎಷ್ಟರಮಟ್ಟಿಗೆ ಶಾಲೆಯಾಯಿತೆಂಬುದೂ ವಿಚಾರಣೀಯ. ಅದರಿಂದ ತೆಗೆದುಕೊಳ್ಳಬೇಕಾದುದು ಪದ್ಧತಿಯನ್ನು. ತುಳುವ ವಯಸ್ಕನಿಗೆ ಕನ್ನಡವು ಬಾರದೆಂದು ವಾಚಿಕೆಯ ಕರ್ತನು ಭಾವಿಸಿದರೆ ಒಂದು ತಪ್ಪು. ಚೆನ್ನಾಗಿ ಬರುವುದೆಂದು ಭಾವಿಸಿದರೆ ಇನ್ನೊಂದು ತಪ್ಪು. 'ಹಿಂದಿರುಗು', 'ಅಪ್ಪಣೆ', 'ಪರಾಕ್ರಮ' ಅವನಿಗೆ ಗೊತ್ತು. 'ಅರ್ಜಿ ನಮೂನೆ' ಗೊತ್ತಿಲ್ಲ. ಅವನ ಕನ್ನಡದಲ್ಲಿ ಕುರುಕ್ಷೇತ್ರವಿದೆ, ತಾಲ್ಲೂಕು ಕಚೇರಿಯಿಲ್ಲ.

ಪರೀಕ್ಷೆಯ ವಿಷಯದಲ್ಲಿ ಹೇಳಬೇಕಾದುದು ಹೆಚ್ಚು. ರಾಷ್ಟ್ರೀಯ ಸಾಕ್ಷರತಾ ಮಿಷನ್ ಅಕ್ಷರಸ್ಥನ ಲಕ್ಷಣವನ್ನು ಅಂಕಿಗಳಲ್ಲಿ ಹೇಳಿತು: ಗಟ್ಟಿಯಾಗಿ ಓದುವುದು ನಿಮಿಷಕ್ಕೆ 30 ಪದ, ಮನಸ್ಸಿನಲ್ಲಿ ಓದುವುದು 35, ನೋಡಿ ಬರೆಯುವುದು 7, ಹೇಳಿದ್ದನ್ನು ಬರೆಯುವುದು 5. ಅಳತೆಯಿರುವುದು ಒಳ್ಳೆಯದೇ. ಆದರೆ ಅಳೆಯುವ ಕೋಲು ಯಾವುದು? ಪದ. ಕನ್ನಡದಲ್ಲಿ ಪದವೆಂದರೆ ಎಷ್ಟು? 'ಮನೆ ಮರ ಗಿಡ ಬಳ್ಳಿ' ಎಂಬುದು ನಾಲ್ಕು ಪದ, ಎಂಟು ಅಕ್ಷರ. 'ಬರೆಯಲಾಗುತ್ತಿರಲಿಲ್ಲವೆಂದು' ಎಂಬುದು ಒಂದು ಪದ, ಹನ್ನೊಂದು ಅಕ್ಷರ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದಗಳಾದರೂ ಬೇಕು. ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವ ದ್ರಾವಿಡಭಾಷೆಗೂ ಅವನ್ನು ಬಿಡಿಬಿಡಿಯಾಗಿ ಇಡುವ ಭಾಷೆಗೂ ಒಂದೇ ಕೋಲನ್ನು ಹಿಡಿದರೆ, ಮೊದಲನೆಯ ಬಗೆಯ 30 ಪದಗಳನ್ನೋದಿದವನು 60 ಅಕ್ಷರಗಳನ್ನೋದಿ ಉತ್ತೀರ್ಣನಾಗುವನು. ಎರಡನೆಯ ಬಗೆಯವನ್ನು ಓದಬೇಕಾದವನು 330 ಅಕ್ಷರಗಳನ್ನೋದಿದಲ್ಲದೆ ದಡ ಸೇರನು. ಆದುದರಿಂದ ಪರೀಕ್ಷೆಯ ಪತ್ರಿಕೆಯನ್ನು ಬರೆದವನು ಸಂಧಿಯನ್ನು ಎಷ್ಟರ ಮಟ್ಟಿಗೆ ಬಿಡಿಸಿದ್ದಾನೆ ಎಂಬುದರ ಮೇಲೆ ಒಂದು ಓಣಿಯ ಸಾಕ್ಷರತೆ ಏರಿಳಿಯಬಹುದು. ಹಿಂದಿನ ಲಿಪಿಕಾರರು ಈ ತೊಡಕನ್ನು ಬಲ್ಲವರಾಗಿದ್ದರು. ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥವೆಂದು ಎಣಿಸಿ, ಗದ್ಯವನ್ನೂ ಅದೇ ಲೆಕ್ಕದಲ್ಲಿ ಅಳೆಯುತ್ತಿದ್ದರು. ಕನ್ನಡದ ಪರೀಕ್ಷೆಗೆ ಅಕ್ಷರಗಣನೆಯೇ ನ್ಯಾಯವಾದ ಅಳತೆ. ಸಾಕ್ಷರತೆಯ ಅಳತೆಯನ್ನು ಅಕ್ಷರದಿಂದ ಮಾಡಬೇಕೆಂದು ವಾದಿಸಬೇಕಾಗಿ ಬಂದುದೇ ಒಂದು ವಿಚಿತ್ರ.

ಅದೇ ಲಕ್ಷಣವಾಕ್ಯದ ಉತ್ತರಾರ್ಧದಲ್ಲಿ, ದಾರಿಯ ಫಲಕಗಳನ್ನೂ ತನ್ನ ಕೆಲಸಕ್ಕೆ ಸಂಬಂಧಿಸಿದ ಬರಹವನ್ನೂ ತಿಳಿದು ಓದುವುದು, ಸಣ್ಣ ಪತ್ರ ಅರ್ಜಿಗಳನ್ನು ತಾನೇ ಬರೆಯುವುದು ಎಂಬ ಮಾತುಗಳೂ ಇವೆ. ನಿಜವಾದ ಪ್ರಯೋಜನ ಅಲ್ಲಿಯೇ ಇರುವುದು. ಆದರೆ ಎಣಿಸಲು ಸುಲಭವಾದುದನ್ನು ಎಣಿಸಿ, ಎಣಿಸಲು ಕಷ್ಟವಾದುದನ್ನು ಪೀಠಿಕೆಗೆ ಬಿಡುವುದು ಪರೀಕ್ಷಕರ ಸಹಜಗುಣ. 2022ರಲ್ಲಿ ಆರಂಭವಾದ ಹೊಸ ಸಾಕ್ಷರತಾ ಕಾರ್ಯಕ್ರಮದ ಪರೀಕ್ಷೆಯಲ್ಲಿಯೂ ಓದು, ಬರಹ, ಲೆಕ್ಕಗಳಿಗೆ ಐವತ್ತೈವತ್ತು ಅಂಕಗಳು. ಬಳಕೆಗೆ ಬೇರೆಯಾಗಿ ಅಂಕವಿಲ್ಲ.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು 1959ರಲ್ಲಿ ಕೆಲಸಗಾರರ ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕೆಂದರು: ಬಂದವರಿಗೆ ಮೆಚ್ಚಿಕೆಯಾಯಿತೇ, ಕಲಿತರೇ, ಕಲಿತುದು ನಡೆವಳಿಯಲ್ಲಿ ಬಂದಿತೇ, ಅದರಿಂದ ಕಾರ್ಯಕ್ಕೆ ಲಾಭವಾಯಿತೇ. ಇಂದಿನ ತರಬೇತಿಯ ಗ್ರಂಥಗಳೆಲ್ಲ ಬಹುಮಟ್ಟಿಗೆ ಇದನ್ನು ಅನುಸರಿಸುವುವು. ಪಸ್ಪಶಾಹ್ನಿಕದಲ್ಲಿ ಪತಂಜಲಿಯೂ ವಿದ್ಯೆಗೆ ನಾಲ್ಕು ಕಾಲಗಳನ್ನು ಹೇಳುತ್ತಾನೆ: ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಮನನಮಾಡುವ ಸ್ವಾಧ್ಯಾಯಕಾಲ, ಪರರಿಗೆ ಹೇಳುವ ಪ್ರವಚನಕಾಲ, ಕಾರ್ಯದಲ್ಲಿ ತೊಡಗಿಸುವ ವ್ಯವಹಾರಕಾಲ. ಈ ನಾಲ್ಕರಲ್ಲಿಯೂ ನಡೆದ ಮೇಲೆಯೇ ವಿದ್ಯೆ ಉಪಯೋಗಕ್ಕೆ ಬಂದಂತೆ. ಎರಡನ್ನೂ ಎದುರೆದುರಾಗಿ ಇಟ್ಟರೆ ಒಂದು ಭೇದ ಸ್ಪಷ್ಟವಾಗುವುದು. ಕರ್ಕ್‌ಪ್ಯಾಟ್ರಿಕ್ಕರ ಮೆಟ್ಟಿಲುಗಳಲ್ಲಿ ಕಲಿತವನು ಕೊನೆಯವರೆಗೂ ಕಲಿತವನೇ, ಅಳೆಯಲ್ಪಡುವವನೇ. ಪತಂಜಲಿಯ ಮೂರನೆಯ ಕಾಲದಲ್ಲಿ ಅವನು ಕಲಿಸುವವನಾಗುವನು. ಮೆಚ್ಚಿಕೆಯನ್ನು ಪತಂಜಲಿ ಲೆಕ್ಕಕ್ಕೆ ಹಿಡಿದಿಲ್ಲ. ವಯಸ್ಕರ ವಿಷಯದಲ್ಲಿ ಅದು ಅವನ ಕೊರತೆಯೆಂದೇ ಹೇಳಬೇಕು, ಏಕೆಂದರೆ ಮೆಚ್ಚದ ವಟು ಗುರುಕುಲವನ್ನು ಬಿಟ್ಟು ಹೋಗಲಾರನು, ಮೆಚ್ಚದ ಗೃಹಿಣಿ ನಾಳೆಯೇ ಬಿಡುವಳು.

ಪ್ರವಚನಕಾಲವನ್ನು ಪರೀಕ್ಷೆಯಾಗಿ ಮಾಡಿದರೆ ಅದರ ರೂಪ ಹೇಗಿದ್ದೀತು? ಮೊದಲನೆಯ ಭಾಗವನ್ನು ಮುಗಿಸಿದ ತುಳುವ ಹೆಂಗಸು ಆ ದಿನ ಹೊಸದಾಗಿ ಬಂದ ನೆರೆಯವಳಿಗೆ ಮೊದಲನೆಯ ಪಾಠವನ್ನು ತಾನೇ ಹೇಳಿಕೊಡಲಿ. ತುಳುವಿನಲ್ಲಿಯೇ ಹೇಳಲಿ. ಪರೀಕ್ಷಕನು ಮಾತನಾಡದೆ ಒಂದು ಮೂಲೆಯಲ್ಲಿ ಕುಳಿತು, ಅವಳು ಯಾವ ಅಕ್ಷರವನ್ನು ದಾಟಿ ಹೋದಳು, ಯಾವುದಕ್ಕೆ ತನ್ನದೇ ಉಪಮಾನವನ್ನು ಕಟ್ಟಿದಳು, ನೆರೆಯವಳು 'ಎಂಕ್ ಬರ್ಪುಜಿ' ಎಂದಾಗ ಏನು ಮಾಡಿದಳು ಎಂಬುದನ್ನು ಬರೆದುಕೊಳ್ಳಲಿ. ಅವಳು ಬಿಟ್ಟ ಅಕ್ಷರ ಅವಳಿಗೆ ಬಾರದ ಅಕ್ಷರವೆಂಬುದು ನಿಶ್ಚಯ. ಅದಕ್ಕಾಗಿ ಅವಳನ್ನು ನಿಲ್ಲಿಸಿ ಕೇಳಬೇಕಾಗಿಲ್ಲ, ಅವಳ ಮಾನಕ್ಕೂ ಕುಂದಿಲ್ಲ. ಇದಕ್ಕೆ ಬೇಕಾದುದು ಅರ್ಧ ಗಂಟೆಯ ಹೊತ್ತು, ತುಳು ಬಲ್ಲ ಒಬ್ಬ ಪರೀಕ್ಷಕ.

ವ್ಯವಹಾರಕಾಲದ ಪರೀಕ್ಷೆ ಇದಕ್ಕಿಂತ ಕಠಿನವಾದುದು. ಅದು ಪಾಠ ಮುಗಿದ ಮೇಲೆ ಒಂದು ವರ್ಷವಾದರೂ ಕಳೆದು ಆಗತಕ್ಕುದು. ಆಂದೋಲನದ ಏರ್ಪಾಡಿನಲ್ಲಿ ಅಷ್ಟುಹೊತ್ತಿಗೆ ಸ್ವಯಂಸೇವಕನು ಬೇರೆ ಊರಿನಲ್ಲಿರುವನು, ಹಾಜರಿಪುಸ್ತಕ ಯಾವುದೋ ಕಪಾಟಿನಲ್ಲಿರುವುದು, ಖರ್ಚಿನ ಬಾಬು ಮುಚ್ಚಿರುವುದು. ಸಾಕ್ಷರೋತ್ತರ ಹಂತಕ್ಕೆಂದು ಜನಶಿಕ್ಷಣ ನಿಲಯಗಳನ್ನು ಮಿಷನ್ನೇ ಯೋಜಿಸಿದ್ದಿತು. ಅಲ್ಲಿ ಪುಸ್ತಕಗಳನ್ನಿಡಲು ಅವಕಾಶವಿದ್ದಿತು, ಹಿಂದಿನ ವರ್ಷ ಕಲಿತವಳ ಮನೆಗೆ ಹೋಗಿ ಅವಳ ಬೀಡಿಯ ಲೆಕ್ಕದ ಪುಸ್ತಕವನ್ನು ಅವಳಿಂದಲೇ ಓದಿಸಿ ನೋಡುವ ಕೆಲಸ ಯಾರದೆಂದು ನಿರ್ದೇಶವಿರಲಿಲ್ಲ.